ಹೊಸಬರಿಗೆ ಮಾರ್ಗದರ್ಶಿ: ಕಲಬುರಗಿ, ಬೀದರ್, ಯಾದಗಿರಿಯಿಂದ ಯುಎಇಗೆ ಬರುವ ಕುಟುಂಬಗಳಿಗೆ

ದುಬೈ, ಶಾರ್ಜಾ, ಅಜ್ಮಾನ್‌ಗಳಲ್ಲಿ ನೆಲೆಸಿರುವ ನಮ್ಮ ಭಾಗದ ಕನ್ನಡ ಸಂಘದ ಸ್ವಯಂಸೇವಕರು ಸೇರಿ ಇದನ್ನು ಬರೆದಿದ್ದೇವೆ. ಯುಎಇ ಬಗ್ಗೆ ಮಾಹಿತಿಗೆ ಬರವಿಲ್ಲ. ಆದರೆ ಆಳಂದದ ಹುಡುಗನಿಗೆ, ಹುಮನಾಬಾದಿನ ಹೊಸ ಸೊಸೆಗೆ, ಶಹಾಪುರದ ಮೇಸ್ತ್ರಿಗೆ ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಬೇರೆ ಯಾರೂ ಬರೆದಿಡುವುದಿಲ್ಲ. ಸಂಘಕ್ಕೆ ಬರುವ ಕರೆಗಳನ್ನು ಎತ್ತುವವರು ನಾವು, ಹಾಗಾಗಿ ನಮಗೆ ಗೊತ್ತಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಜನ ಕಷ್ಟ ಬಂದಾಗ ಬಾಯಿ ಬಿಡುವುದಿಲ್ಲ. ‘ಯಾರಿಗೇಕೆ ತೊಂದರೆ ಕೊಡುವುದು’ ಎಂದು ಸುಮ್ಮನಿದ್ದು, ಸಹಿ ಹಾಕಿದ ಮೇಲೆ, ವೀಸಾ ಅವಧಿ ಮುಗಿದ ಮೇಲೆ ಫೋನ್ ಮಾಡುತ್ತಾರೆ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ದಯವಿಟ್ಟು ಮೊದಲೇ ಕೇಳಿ.

ಹೊರಡುವ ಮುನ್ನ: ಹೆಸರು ಮತ್ತು ಕಾಗದಪತ್ರ

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸಿರುವ ವಿಷಯ ಇದೇ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಕಿವಿಗೆ ಬಿದ್ದಂತೆ ಹೆಸರು ಬರೆದುಕೊಳ್ಳುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ‘ಬಸವರಾಜ ಎಸ್.’, ಆಧಾರ್‌ನಲ್ಲಿ ‘ಬಸವರಾಜ ತಂದೆ ಶಿವಪ್ಪ’, ಪಾಸ್‌ಪೋರ್ಟಿನಲ್ಲಿ ಬರಿಯ ‘ಬಸವರಾಜ’. ಊರಲ್ಲಿ ಮೂವರೂ ಒಬ್ಬರೇ ಎಂದು ಎಲ್ಲರಿಗೂ ಗೊತ್ತು. ಇಲ್ಲಿನ ಕಂಪ್ಯೂಟರಿಗೆ ಗೊತ್ತಿಲ್ಲ. 2022ರ ನವೆಂಬರ್‌ನಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿ ಇರುವವರಿಗೆ ಭೇಟಿ ವೀಸಾದ ಮೇಲೆ ಯುಎಇ ಪ್ರವೇಶಕ್ಕೆ ತೊಡಕಿದೆ. ಊರಿಂದ ತಂದೆ-ತಾಯಿಯನ್ನು ಕರೆಸಿಕೊಳ್ಳುವವರು ಟಿಕೆಟ್ ತೆಗೆಸುವ ಮೊದಲು ಅವರ ಪಾಸ್‌ಪೋರ್ಟ್ ತೆರೆದು ನೋಡಿ. ನಮ್ಮ ಹಿರಿಯರಲ್ಲಿ ಒಂದೇ ಹೆಸರಿನವರು ಬಹಳ.

ಪದವಿ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇವುಗಳಿಗೆ ದೃಢೀಕರಣ ಬೇಕು. ಮೊದಲು ರಾಜ್ಯ ಸರ್ಕಾರ, ಅನಂತರ ನಮ್ಮ ವಿದೇಶಾಂಗ ಸಚಿವಾಲಯ, ಅನಂತರ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ. ಈ ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ. ಅಪೊಸ್ಟಿಲ್ ಮುದ್ರೆ (ಕೆಲವು ದೇಶಗಳು ಒಪ್ಪುವ ಒಂದೇ ಹಂತದ ದೃಢೀಕರಣ) ಹಾಕಿಸಿದರೆ ಸಾಕು ಎಂದು ಹೇಳುವ ಏಜೆಂಟರಿದ್ದಾರೆ. ಯುಎಇಗೆ ಅದು ಸಾಲದು. ಈ ಕೆಲಸವನ್ನು ಊರಲ್ಲಿದ್ದಾಗಲೇ ಮುಗಿಸಿ. ಇಲ್ಲಿ ಬಂದ ಮೇಲೆ ಮೂಲಪ್ರತಿಯನ್ನು ಕೊರಿಯರ್‌ನಲ್ಲಿ ಕಳುಹಿಸಿ, ತಮ್ಮನನ್ನು ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಓಡಾಡಿಸುವುದು ಯಾರಿಗೂ ಬೇಡ.

ಮದುವೆ ಪ್ರಮಾಣಪತ್ರದ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಲಗ್ನಪತ್ರಿಕೆ, ಫೋಟೊ ಆಲ್ಬಂ ದಾಖಲೆಯಲ್ಲ. ಮದುವೆಯಾಗಿ ಎರಡು ಮಕ್ಕಳಾದರೂ ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತದ ದಂಪತಿಗಳು ನಮ್ಮಲ್ಲಿ ಎಷ್ಟೋ ಇದ್ದಾರೆ. ಹೆಂಡತಿಯ ವೀಸಾಕ್ಕೆ ಆ ಕಾಗದವೇ ಆಧಾರ. ಮದುವೆಯ ನಂತರ ಆಕೆಯ ಹೆಸರು ಬದಲಾಗಿದ್ದರೆ ಎಲ್ಲ ಕಡೆ ಒಂದೇ ರೀತಿ ಇರಲಿ. ಕುಟುಂಬವನ್ನು ಕರೆಸಿಕೊಳ್ಳಲು ದುಡಿಯುವವರ ಸಂಬಳ ತಿಂಗಳಿಗೆ ಕನಿಷ್ಠ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಮತ್ತು ವಸತಿ ಇರಬೇಕು.

ಮಕ್ಕಳ ಶಾಲೆಯ ಟಿಸಿಗೆ ಬಿಇಒ ಕಚೇರಿಯ ಮೇಲುಸಹಿ ಹಾಕಿಸಿ. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳನ್ನೂ, ಮುಖ್ಯವಾಗಿ 371(ಜೆ), ಅಂದರೆ ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿಯ ಅರ್ಹತಾ ಪ್ರಮಾಣಪತ್ರವನ್ನೂ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗ ಹೋರಾಡಿ ಪಡೆದ ಹಕ್ಕು ಅದು. ಪರದೇಶದಲ್ಲಿ ಬೆಳೆದ ಮಗು ನಾಳೆ ಕಲಬುರಗಿಯಲ್ಲಿ ವೈದ್ಯಕೀಯ ಸೀಟು ಕೇಳುವ ದಿನ ದಾಖಲೆ ಹುಡುಕುತ್ತ ಕೂರುವಂತಾಗಬಾರದು.

ಸೂಟ್‌ಕೇಸಿನಲ್ಲಿ ಏನಿರಬಾರದು

ಗಸಗಸೆ ತರಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಇಲ್ಲಿ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಅದಕ್ಕಾಗಿ ಜೈಲು ಸೇರಿದವರಿದ್ದಾರೆ. ‘ನಾನು ತಂದಿಲ್ಲ’ ಎನ್ನುವವರೂ ಅತ್ತೆ ಕುಟ್ಟಿಕೊಟ್ಟ ಮಸಾಲೆ ಖಾರದಲ್ಲಿ ಏನೇನಿದೆ ಎಂದು ಕೇಳಿದ್ದೀರಾ? ಹೊರಡುವ ಹಿಂದಿನ ದಿನ ಅವ್ವನ, ಅತ್ತೆಯ ಪಕ್ಕದಲ್ಲಿ ಕುಳಿತು, ಕಟ್ಟಿಕೊಟ್ಟ ಒಂದೊಂದು ಡಬ್ಬಿಯನ್ನೂ ತೆರೆಸಿ ನೋಡಿ. ಅವರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ. ಕರದಂಟು, ಲಡ್ಡುಗಳ ಮೇಲೆ ಉದುರಿಸಿದ ಬಿಳಿ ಕಾಳು ಕೂಡ ಗಸಗಸೆಯೇ.

ಗುಟ್ಕಾ, ತಂಬಾಕು ಬೆರೆಸಿದ ಎಲೆ ಅಡಿಕೆ ಬೇಡ. ಕೆಮ್ಮಿನ ಔಷಧಿಯಲ್ಲಿ ಕೋಡೀನ್, ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರೆ ಮುಂಚಿತ ಅನುಮತಿಯಿಲ್ಲದೆ ತರಬೇಡಿ. ಬಿಪಿ, ಶುಗರ್ ಮಾತ್ರೆಗಳಿಗೂ ವೈದ್ಯರ ಚೀಟಿ ಜೊತೆಗಿರಲಿ. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಯಾರೋ ನಮ್ಮೂರಿನವರೇ ಬಂದು ‘ಅಣ್ಣ, ಈ ಪೊಟ್ಟಣ ನಮ್ಮ ತಮ್ಮನಿಗೆ ಮುಟ್ಟಿಸಿಬಿಡಿ’ ಎಂದರೆ ಕೈಮುಗಿದು ಬೇಡ ಎನ್ನಿ. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ತರಬೇಕಾದದ್ದು: ಕಟಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ತೊಗರಿ ಬೇಳೆ ಇಲ್ಲೂ ಸಿಗುತ್ತದೆ. ಆದರೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಲಬುರಗಿ ತೊಗರಿಯ ರುಚಿಗೆ ಅದು ಸಮವಲ್ಲ. ಎರಡು ಕೆಜಿ ತಂದುಕೊಳ್ಳಿ.

ಕೆಲಸ ಮತ್ತು ಸಂಬಳ

ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗಕ್ಕೆ ಸೇರುತ್ತದೆ. ಅಂಥವರು ಉದ್ಯೋಗಕ್ಕೆ ಬರುವಾಗ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯಲೇಬೇಕು. ‘ಭೇಟಿ ವೀಸಾದಲ್ಲಿ ಹೋಗಿ, ಆಮೇಲೆ ನೋಡೋಣ’ ಎನ್ನುವ ಏಜೆಂಟನ ಮಾತಿಗೆ ಹೊಲ ಅಡವಿಟ್ಟು ಬಂದ ತಮ್ಮಂದಿರನ್ನು ನಾವು ನೋಡಿದ್ದೇವೆ. ಭೇಟಿ ವೀಸಾದ ಮೇಲೆ ದುಡಿಯುವುದು ಇಲ್ಲಿ ಅಪರಾಧ. ಸಂಬಳ ಕೊಡದಿದ್ದರೂ ದೂರಲು ನೆಲೆಯಿರುವುದಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಸೇವಾಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷಗಟ್ಟಲೆ ಕೇಳುವವನು ಯಾರ ಸಂಬಂಧಿಯಾದರೂ ಸರಿ, ನಂಬಬೇಡಿ. ನೇಮಕಾತಿ ಮತ್ತು ವೀಸಾದ ಖರ್ಚನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ ಎಂದು ಯುಎಇ ಕಾನೂನೂ ಹೇಳುತ್ತದೆ.

ನೇಮಕಾತಿ ಪತ್ರ ಅರೇಬಿಕ್, ಇಂಗ್ಲಿಷ್ ಜೊತೆಗೆ ನೌಕರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಇರಬಹುದು. ಕನ್ನಡದಲ್ಲಿ ಸಿಗುವುದಿಲ್ಲ. ಹಿಂದಿ, ಉರ್ದು ಓದಬಲ್ಲವರು ಆ ಪ್ರತಿಯನ್ನು ಕೇಳಿ ಪಡೆಯಿರಿ. ಓದಲು ಬಾರದವರು ನಮಗೆ ಕಳುಹಿಸಿ, ಸಾಲು ಸಾಲಾಗಿ ಬಿಡಿಸಿ ಹೇಳುತ್ತೇವೆ. ಅದರಲ್ಲಿ ಒಟ್ಟು ಸಂಬಳ ನೋಡಿ ಖುಷಿಪಟ್ಟು ಸಹಿ ಹಾಕಬೇಡಿ, ಮೂಲ ವೇತನ ಎಷ್ಟು ಎಂದು ನೋಡಿ. ಕೆಲಸ ಬಿಡುವಾಗ ಸಿಗುವ ಉಪದಾನದ ಲೆಕ್ಕ ಮೂಲ ವೇತನದ ಮೇಲೆಯೇ: ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ವೇತನ, ಆಮೇಲೆ 30 ದಿನದ್ದು. ಇಬ್ಬರಿಗೂ ಒಟ್ಟು 5,000 ದಿರ್ಹಮ್ ಇದೆ ಎನ್ನಿ. ಒಬ್ಬನ ಮೂಲ ವೇತನ 2,000 ಇದ್ದರೆ ವರ್ಷಕ್ಕೆ 1,400 ಸಿಗುತ್ತದೆ. ಇನ್ನೊಬ್ಬನದು 3,500 ಇದ್ದರೆ 2,450. ಐದು ವರ್ಷಕ್ಕೆ ಈ ಅಂತರ 5,250 ದಿರ್ಹಮ್. ಊರಲ್ಲಿ ಮನೆಗೆ ಒಂದು ಕೋಣೆ ಕಟ್ಟಿಸಲು ಅಷ್ಟು ಹಣವೇ ಒತ್ತಾಸೆಯಾಗುತ್ತದೆ.

ಪಾಸ್‌ಪೋರ್ಟ್ ನಿಮ್ಮದು, ಕಂಪನಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಸಂಬಳ ಬ್ಯಾಂಕಿನ ಮೂಲಕವೇ ಬರಲಿ, ಕೈಗೆ ನಗದು ಕೊಡುತ್ತೇನೆ ಎಂದರೆ ಒಪ್ಪಬೇಡಿ. ಪರೀಕ್ಷಾರ್ಥ ಅವಧಿ ಆರು ತಿಂಗಳು ಮೀರಬಾರದು. ವರ್ಷ ತುಂಬಿದ ಮೇಲೆ 30 ದಿನದ ರಜೆ ನಿಮ್ಮ ಹಕ್ಕು, ಅದು ಮಾಲೀಕನ ಕೃಪೆಯಲ್ಲ. ನಿರುದ್ಯೋಗ ವಿಮೆ ಕಡ್ಡಾಯ. ಮೂಲ ವೇತನ 16,000ದವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಮ್ ಅಷ್ಟೇ. ಅದನ್ನು ಕಟ್ಟದೆ ದಂಡ ತೆರುವವರನ್ನು ಕಂಡರೆ ಸಂಕಟವಾಗುತ್ತದೆ.

ಬಿಸಿಲು

‘ನಾವು ಕಲಬುರಗಿಯವರು, ನಮಗೆ ಬಿಸಿಲು ಹೊಸದೇ?’ ಎಂದು ಬರುವವರೇ ಹೆಚ್ಚು. ನಮ್ಮದು ಒಣ ಬಿಸಿಲು, ಬೆವರು ಬಂದಂತೆ ಆರಿ ಮೈ ತಂಪಾಗುತ್ತದೆ. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಮೈಯ ಕಾವು ಒಳಗೇ ಉಳಿಯುತ್ತದೆ. ನಮ್ಮೂರಿನ 43 ಡಿಗ್ರಿಯಲ್ಲಿ ಹೊಲ ಸುತ್ತಿದವರು ಇಲ್ಲಿ 40ರಲ್ಲಿ ತಲೆಸುತ್ತಿ ಬಿದ್ದಿದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ಕೆಲಸ ಕಾನೂನಿನಿಂದಲೇ ನಿಷಿದ್ಧ. ಮೇಲ್ವಿಚಾರಕ ಒತ್ತಾಯಿಸಿದರೆ ನಮಗೆ ತಿಳಿಸಿ. ಮಜ್ಜಿಗೆ ಕುಡಿಯುವ ಅಭ್ಯಾಸವನ್ನು ಮಾತ್ರ ಬಿಡಬೇಡಿ.

ಮನೆ

ಬಾಡಿಗೆ ವರ್ಷದ ಲೆಕ್ಕ, ಮುಂದಿನ ದಿನಾಂಕ ಹಾಕಿದ ಚೆಕ್‌ಗಳಲ್ಲಿ ಕೊಡುವುದು ವಾಡಿಕೆ. ಚೆಕ್ ವಾಪಸಾದರೆ ಪರಿಣಾಮ ಗಂಭೀರ, ಖಾತೆಯಲ್ಲಿ ಹಣವಿಲ್ಲದೆ ಬರೆದುಕೊಡಬೇಡಿ. ದುಬೈನಲ್ಲಿ ಬಾಡಿಗೆ ಕರಾರನ್ನು ಎಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ವಿದ್ಯುತ್-ನೀರಿನ ಬಿಲ್ಲಿನೊಂದಿಗೆ ಕಂತುಗಳಲ್ಲಿ ಬರುತ್ತದೆ, ಗಾಬರಿಯಾಗಬೇಡಿ. ಪರವಾನಗಿಯಿಲ್ಲದೆ ಹಲಗೆ ಅಡ್ಡಹಾಕಿ ಒಂದು ಕೋಣೆಯನ್ನು ಮೂರು ಮಾಡಿದ ಮನೆಗಳಿಗೆ ಕುಟುಂಬದೊಂದಿಗೆ ಹೋಗಲೇಬೇಡಿ. ಎಷ್ಟು ಅಗ್ಗವಾದರೂ ಸರಿ.

ಹೊಸ ಗೃಹಿಣಿಯರಿಗೆ: ಅಡುಗೆ ಮನೆಯ ಛಾವಣಿಯ ಹತ್ತಿರ ಹೊಗೆ ಪತ್ತೆ ಯಂತ್ರವಿರುತ್ತದೆ. ಒಣ ಮೆಣಸಿನಕಾಯಿ ಹುರಿಯುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲು ಮುಚ್ಚಿಕೊಳ್ಳಿ. ಇಲ್ಲದಿದ್ದರೆ ಇಡೀ ಕಟ್ಟಡದ ಗಂಟೆ ಬಾರಿಸಿ, ಹದಿನಾಲ್ಕನೇ ಮಹಡಿಯವರೂ ಮಕ್ಕಳನ್ನೆತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ. ರೊಟ್ಟಿ ಬಡಿಯುವುದನ್ನು ರಾತ್ರಿ ಒಂಬತ್ತರ ಒಳಗೆ ಮುಗಿಸಿ, ಕೆಳಗಿನ ಮನೆಯವರಿಗೆ ಅದು ಸುತ್ತಿಗೆಯ ಸದ್ದಿನಂತೆ ಕೇಳುತ್ತದೆ. ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಳತಾದರೆ ಜಿಗುಟು ಹೋಗಿ ರೊಟ್ಟಿ ಹರಿಯುತ್ತದೆ, ಹಾಗಾಗಿ ದಿನಾಂಕ ನೋಡಿ ಕೊಳ್ಳಿ.

ಬಸ್ಸು, ಮೆಟ್ರೊ, ರಸ್ತೆ

ದುಬೈನ ಬಸ್ಸು, ಮೆಟ್ರೊಗಳಲ್ಲಿ ಪ್ರಯಾಣದರ ಕೊಡಲು ಬಳಸುವ ನೋಲ್ ಕಾರ್ಡ್ ಮಾಡಿಸಿ. ಮೆಟ್ರೊದಲ್ಲಿ ತಿನ್ನುವುದು, ಕುಡಿಯುವುದು ಬೇಡ, 100 ದಿರ್ಹಮ್ ದಂಡ. ಹೆಂಗಸರ ಬೋಗಿಗೆ ಗಂಡಸರು ಹತ್ತಬಾರದು. ರಸ್ತೆಯಲ್ಲಿ ಉಗುಳಬಾರದು. ವಾಹನಗಳು ಬಲಬದಿಯಲ್ಲಿ ಚಲಿಸುತ್ತವೆ, ದಾಟುವಾಗ ಮೊದಲು ಎಡಕ್ಕೆ ನೋಡಿ.

ಮಾತು, ಮೊಬೈಲ್

ನಮ್ಮ ಭಾಗದವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಕಲಬುರಗಿ, ಬೀದರ್‌ನಲ್ಲಿ ದಖನಿ ಉರ್ದು ಕೇಳಿ ಬೆಳೆಯದವರು ಯಾರು? ಪೇಶಾವರದ ಟ್ಯಾಕ್ಸಿ ಚಾಲಕನೊಂದಿಗೆ, ಹೈದರಾಬಾದಿನ ಅಂಗಡಿಯವನೊಂದಿಗೆ ಮೊದಲ ದಿನದಿಂದಲೇ ಮಾತಾಡಬಹುದು. ಹಿಂಜರಿಯಬೇಡಿ.

ವಾಟ್ಸ್‌ಆ್ಯಪ್ ಕರೆ ಇಲ್ಲಿ ಹೋಗುವುದಿಲ್ಲ. ಬೋಟಿಮ್ ಎಂಬ ಕರೆಯ ಆ್ಯಪ್ ಹಾಕಿಕೊಳ್ಳಿ, ಊರಲ್ಲಿ ಅಪ್ಪನ ಮೊಬೈಲಿಗೂ ಹಾಕಿಸಿ ಬನ್ನಿ. ಇಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದೆ, ನೀವು ಒಂಬತ್ತೂವರೆಗೆ ಫೋನ್ ಮಾಡಿದರೆ ಅಲ್ಲಿ ಹನ್ನೊಂದು. ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬೈದು ಬರೆದ ಸಂದೇಶ ಇಲ್ಲಿ ಪೊಲೀಸ್ ಪ್ರಕರಣವಾಗಬಹುದು. ಅನುಮತಿಯಿಲ್ಲದೆ ಯಾರ ಫೋಟೊವನ್ನೂ, ಅಪಘಾತದ ವಿಡಿಯೊವನ್ನೂ ತೆಗೆಯಬೇಡಿ. ಊರಿನ ಗುಡಿಗೋ, ಯಾರದೋ ಆಸ್ಪತ್ರೆ ಖರ್ಚಿಗೋ ಎಂದು ಗುಂಪಿನಲ್ಲಿ ಚಂದಾ ಎತ್ತಬೇಡಿ. ಪರವಾನಗಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಅಪರಾಧ. ಉದ್ದೇಶ ಪುಣ್ಯದ್ದೇ ಇರಬಹುದು, ಕಾನೂನು ಅದನ್ನು ಕೇಳುವುದಿಲ್ಲ.

ಊರಿನ ಹಣ, ಊರಿನ ಹೊಲ

ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಊರಿನ ಆದಾಯಕ್ಕಾಗಿ ಅನಿವಾಸಿಗಳ ಖಾತೆ) ಆಗಿ ಬದಲಿಸಿ, ಇಲ್ಲಿನ ದುಡಿಮೆಗೆ ಎನ್‌ಆರ್‌ಇ (ವಿದೇಶದ ಗಳಿಕೆಗಾಗಿ ಅನಿವಾಸಿಗಳ ಖಾತೆ) ಖಾತೆ ತೆರೆಯಿರಿ. ಬ್ಯಾಂಕ್ ಬಿಟ್ಟು ಕೈಯಿಂದ ಕೈಗೆ ದಾಟಿಸುವ ಹುಂಡಿಯಲ್ಲಿ ಹಣ ಕಳುಹಿಸಬೇಡಿ. ಅನಿವಾಸಿಯಾದ ಮೇಲೆ ಕೃಷಿಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ನಿಮ್ಮದೇ. ‘ಎರಡು ವರ್ಷ ದುಡಿದು ಪಕ್ಕದ ನಾಲ್ಕು ಎಕರೆ ತೆಗೆದುಕೊಳ್ಳುತ್ತೇನೆ’ ಎಂಬ ಕನಸಿನಲ್ಲಿ ಬಂದವರು ಮುಂಗಡ ಕೊಡುವ ಮೊದಲು ವಕೀಲರನ್ನು ಕೇಳಲೇಬೇಕು.

ಮಕ್ಕಳು

ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಿಂದ. ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ. ಇಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ವೀಸಾ ಆಗಬೇಕು, ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿಯಾಗಬೇಕು.

ತುರ್ತು ಸಂಖ್ಯೆಗಳು

ಪೊಲೀಸ್ 999. ಆಂಬುಲೆನ್ಸ್ 998. ಅಗ್ನಿಶಾಮಕ 997.

ಹೇಳಲು ಕಷ್ಟವಾದದ್ದು

ಸಾವು ಪರದೇಶದಲ್ಲೂ ಬರುತ್ತದೆ. ಪಾರ್ಥಿವ ಶರೀರ ಊರಿಗೆ ಕಳುಹಿಸಲು ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ದೂತಾವಾಸದ ನಿರಾಕ್ಷೇಪಣಾ ಪತ್ರ ಬೇಕು. ಬಡವರಾದರೆ ದೂತಾವಾಸದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಬಹುದು. ಇಸಿಆರ್ ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ಇದು ಇದೆ ಎಂದೇ ಮನೆಯವರಿಗೆ ಗೊತ್ತಿರುವುದಿಲ್ಲ. ಪಾಲಿಸಿಯ ಪ್ರತಿ ಊರಲ್ಲಿ ಹೆಂಡತಿಯ ಬಳಿ ಇರಲಿ. ಕೋಣೆಯಲ್ಲಿ ಜೊತೆಗಿರುವವರಿಗೆ ನಿಮ್ಮ ಮನೆಯ ಫೋನ್ ಸಂಖ್ಯೆ ಕೊಟ್ಟಿರಿ.

ಎಳ್ಳ ಅಮಾವಾಸ್ಯೆ

ಬಸವ ಜಯಂತಿ, ರಾಜ್ಯೋತ್ಸವಗಳನ್ನು ಇಲ್ಲಿ ಎಲ್ಲ ಕನ್ನಡಿಗರೂ ಆಚರಿಸುತ್ತಾರೆ. ಎಳ್ಳ ಅಮಾವಾಸ್ಯೆಯ ಊಟವನ್ನು ಮಾತ್ರ ನಮ್ಮ ಭಾಗದವರೇ ಮುಂದೆ ನಿಂತು ಮಾಡುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಅಂಬಲಿ ಎಲ್ಲವೂ ಇರುತ್ತವೆ. ಚರಗ ಚೆಲ್ಲಲು, ಅಂದರೆ ಪೂಜೆ ಮಾಡಿ ನೈವೇದ್ಯವನ್ನು ಹೊಲದಲ್ಲಿ ಎರಚಲು, ಇಲ್ಲಿ ಹೊಲವಿಲ್ಲ, ಉದ್ಯಾನದಲ್ಲಿ ಅನ್ನ ಎರಚಿದರೆ ದಂಡ ಬೀಳುತ್ತದೆ. ಪೂಜೆಯನ್ನು ಮನೆಯಲ್ಲೇ ಮುಗಿಸಿ ಬನ್ನಿ. ಶರಣಬಸವೇಶ್ವರರ ಭಕ್ತರೂ ಬಂದೇನವಾಜರ ದರ್ಗಾದ ಓಣಿಯವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತೇವೆ, ಊರಿನಂತೆಯೇ.

ಅಮಾವಾಸ್ಯೆ ವಾರದ ನಡುವೆ ಬಂದರೆ ಊಟ ಅದರ ನಂತರದ ಭಾನುವಾರ. ಶಾರ್ಜಾದವರಿಗೆ ಶುಕ್ರವಾರವೂ ರಜೆ ಇರುವುದರಿಂದ ಭಜ್ಜಿಗೆ ಕಾಳು, ತರಕಾರಿ ಬಿಡಿಸುವ ಕೆಲಸ ಅವರದು. ಹೊಸ ಕುಟುಂಬಗಳು ಮನೆಯಿಂದ ತಟ್ಟೆ, ಲೋಟ ತರಬೇಕು. ರೊಟ್ಟಿ ಬಡಿಯಲು ಬರುವವರು ಎರಡು ದಿನ ಮೊದಲೇ ಹೆಸರು ಕೊಡಬೇಕು. ಮಕ್ಕಳ ಕನ್ನಡ ತರಗತಿಗೆ ಅದೇ ದಿನ ಹೆಸರು ಬರೆದುಕೊಳ್ಳುತ್ತೇವೆ, ಶುಲ್ಕವಿಲ್ಲ.