ಶೂ ಲೇಸು ಕಟ್ಟಲು ಬಗ್ಗಿದಾಗ

ಪ್ರಾಣಿಗಳ ಬಗ್ಗೆ ಜನರ ಧೋರಣೆಯನ್ನು ಜನರಿಂದಲೇ ಕೇಳಿ ತಿಳಿಯಬೇಕು, ನಾಯಿಯನ್ನು ನೋಡಿ ಅಲ್ಲ ಎಂದು ಮೂರು ವರ್ಷಗಳ ಕಾಲ ನನಗೆ ಬುದ್ಧಿ ಹೇಳುತ್ತ ಬಂದ ಹಿರಿಯರೊಬ್ಬರು ಕಳೆದ ತಿಂಗಳು ತಾವಾಗಿಯೇ ಫೋನ್ ಮಾಡಿ ಬೀದಿನಾಯಿಗಳ ವರ್ತನೆ ನೋಡಿ ಆ ಧೋರಣೆಯನ್ನು ಅಳೆಯುವ ನನ್ನ ನಮೂನೆಯ ಒಂದು ಪ್ರತಿಯನ್ನು ತರಿಸಿಕೊಂಡರು. ಮುಂಬಯಿಯ ಚೆಂಬೂರು, ಮಾಟುಂಗಾ ಮತ್ತು ಭಾಂಡುಪ್‌ನ ಗಲ್ಲಿಗಳಲ್ಲಿ ಈ ಕೆಲಸವನ್ನು ಹೇಗೆ ಮಾಡಿದೆ ಎಂಬುದನ್ನು ಇನ್ನು ಬರೆದಿಡಬಹುದು ಎನಿಸಿತು.

ಮೊದಲ ಸುತ್ತಿನಲ್ಲಿ ನಾನೂ ಎಲ್ಲರಂತೆ ಪ್ರಾಣಿಗಳ ಬಗೆಗಿನ ಧೋರಣೆಯನ್ನು ಪ್ರಶ್ನೆಗಳಿಂದ ಅಳೆಯುವ, ಹೆರ್ಜಾಗ್ ಮತ್ತು ಸಂಗಡಿಗರ 1991ರ ಮಾಪನವನ್ನೇ ಕನ್ನಡ, ಮರಾಠಿ, ಹಿಂದಿಗೆ ಇಳಿಸಿಕೊಂಡು ಹೊರಟಿದ್ದೆ. ಮೋಜಿನ ಬೇಟೆ, ತುಪ್ಪಳದ ಉಡುಪು ಮುಂತಾದ ಪ್ರಶ್ನೆಗಳು ಭಾಂಡುಪ್‌ನ ಚಾಳಿನಲ್ಲಿ ಯಾರ ಬದುಕಿಗೂ ತಾಗಲಿಲ್ಲ. ‘ಒಪ್ಪುತ್ತೇನೆ’, ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬವುಗಳ ನಡುವಿನ ಅಂತರವನ್ನು ಕುಕ್ಕರ್ ಸೀಟಿ ಎಣಿಸುತ್ತ ಬಾಗಿಲಲ್ಲಿ ನಿಂತ ಗೃಹಿಣಿ ತೂಗಿ ನೋಡಬೇಕೆಂದು ಬಯಸುವುದೂ ನ್ಯಾಯವಲ್ಲ. ಸುಮಾರು 240 ಮನೆಗಳನ್ನು ಹತ್ತಿ ಇಳಿದ ಮೇಲೆ ನೂರಕ್ಕೆ ತೊಂಬತ್ತು ಮಂದಿ ಪ್ರಾಣಿಪ್ರಿಯರೆಂದು ಲೆಕ್ಕ ಬಂತು. ಆದರೆ ಅಂಥದೇ ಒಂದು ಗಲ್ಲಿಯಲ್ಲಿ ಒಂದು ಕಣ್ಣು ಹೋದ ನಾಯಿಯೊಂದು ಹಗಲಿಡೀ ನಿಂತ ಕಾರಿನ ಅಡಿಯಿಂದ ಹೊರಗೆ ಬರುತ್ತಿರಲಿಲ್ಲ. ಮುದ್ರಣ, ಇಬ್ಬರು ಸಹಾಯಕರ ದಿನಗೂಲಿ, ಲೋಕಲ್ ಪಾಸು ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು ಖರ್ಚಾಗಿತ್ತು. ಅರ್ಧ ಭರಿಸುವುದಾಗಿ ಮಾತು ಕೊಟ್ಟಿದ್ದ ಸಂಸ್ಥೆಯೊಂದು ವರದಿಯಲ್ಲಿ ಹೊಸದೇನೂ ಇಲ್ಲವೆಂದು ಹಿಂದೆ ಸರಿದಾಗ, ಮಗಳ ಕಾಲೇಜು ಶುಲ್ಕಕ್ಕೆಂದು ಇಟ್ಟಿದ್ದ ಹಣದಿಂದ ಅಷ್ಟನ್ನೂ ತೀರಿಸಬೇಕಾಯಿತು. ಆ ನೋವು ಇನ್ನೂ ಹೋಗಿಲ್ಲ.

ದಾರಿ ಸಿಕ್ಕಿದ್ದು ಚೆಂಬೂರಿನ ನಮ್ಮವರದೇ ಒಂದು ಹೋಟೆಲಿನ ಮುಂದೆ. “ನಮ್ಮಲ್ಲಿ ನಾಯಿಗೆ ಯಾರೂ ಕೈ ಎತ್ತುವುದಿಲ್ಲ ಮಾರಾಯ್ರೇ, ದಿನಾ ಬನ್ ಹಾಕ್ತೇವೆ” ಎಂದು ಗಲ್ಲೆಯಲ್ಲಿ ಕುಳಿತವರು ಹೇಳಿದ್ದನ್ನು ಬರೆದುಕೊಂಡು ಹೊರಬಂದು, ಸಡಿಲವಾಗಿದ್ದ ಲೇಸು ಕಟ್ಟಲು ಬಗ್ಗಿದೆ. ಮೆಟ್ಟಿಲ ಬಳಿ ಮಲಗಿದ್ದ ಕೆಂಚು ನಾಯಿ ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು, ಬರುತ್ತಿದ್ದ ರಿಕ್ಷಾವನ್ನೂ ನೋಡದೆ ಎದುರಿನ ಫುಟ್‌ಪಾತಿಗೆ ಓಡಿತು. ನಾಲ್ಕು ಕಟ್ಟಡ ದಾಟಿ ಮತ್ತೆ ಬಗ್ಗಿದಾಗ ಅಲ್ಲಿನ ನಾಯಿ ಕಣ್ಣನ್ನೂ ತೆರೆಯಲಿಲ್ಲ. ಬಗ್ಗಿದರೆ ಕಲ್ಲು ಹೆಕ್ಕುತ್ತಾರೆಂದು ಬೀದಿನಾಯಿ ಓಡುತ್ತದೆ ಎನ್ನುವುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಆದರೆ ಕಲ್ಲು ಬಿದ್ದ ನೆನಪಿರುವ ನಾಯಿಯೇ ಹಾಗೆ ಓಡುವುದು ಎಂಬುದನ್ನು ಅಳತೆಗೆ ಬಳಸಬಹುದೆಂದು ಅಂದು ಹೊಳೆಯಿತು.

ಹತ್ತು ಹೆಜ್ಜೆ ದೂರದಲ್ಲಿ ನಿಂತು, ನಾಯಿಯ ಕಡೆ ನೋಡದೆ ಬಗ್ಗಿ, ಕೈಯನ್ನು ನೆಲಕ್ಕೆ ತಾಗಿಸಿ, ಮನಸ್ಸಿನಲ್ಲಿ ಐದು ಎಣಿಸುವುದು. ಅಲುಗದಿದ್ದರೆ ಸೊನ್ನೆ, ತಲೆಯೆತ್ತಿದರೆ ಒಂದು, ಎದ್ದು ಸರಿದರೆ ಎರಡು, ಓಡಿದರೆ ಮೂರು. ಸ್ವಭಾವದಿಂದಲೇ ಅಂಜುವ ನಾಯಿಗಳಿರುವುದರಿಂದ ಗಲ್ಲಿಗೆ ಆರಕ್ಕೆ ಕಡಿಮೆಯಿಲ್ಲದಂತೆ ನೋಡಬೇಕು, ಮರಿಯಿರುವ ತಾಯಿಯನ್ನು ಬಿಡಬೇಕು, ಮುಂಜಾಗ್ರತೆಯ ರೇಬೀಸ್ ಲಸಿಕೆ ಹಾಕಿಸಿಕೊಳ್ಳದವರು ಈ ಕೆಲಸಕ್ಕೆ ಇಳಿಯಲೇಬಾರದು.

ಇಷ್ಟು ಸರಳವಾದದ್ದೂ ಎರಡು ಬಾರಿ ಕೆಟ್ಟಿತು. ಚಪ್ಪಲಿ ಹಾಕಿಕೊಂಡು ಬರುತ್ತಿದ್ದ ಸಹಾಯಕ ಬಗ್ಗುವ ರೀತಿಯೇ ಬೇರೆಯಿತ್ತು, ಅವನಿಗೆ ನಾಯಿಯ ಭಯವೂ ಇತ್ತು. ಅವನ ಅಂಕ ನನ್ನದಕ್ಕಿಂತ ಹೆಚ್ಚುಕಡಿಮೆ ಒಂದು ಮೇಲೆಯೇ ಇರುತ್ತಿತ್ತು. ಅವನ ಹಾಳೆಗಳನ್ನೆಲ್ಲ ಕೈಬಿಟ್ಟು ಮೊದಲಿಂದ ಮಾಡಿದೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ಮಾಟುಂಗಾದ ಒಂದು ಗಲ್ಲಿಯಲ್ಲಿ ಬೆಳಿಗ್ಗೆ ಸಂಜೆ ಅನ್ನ ಹಾಕುವ ಮನೆಗಳು ಏಳೆಂಟಿದ್ದರೂ ನಾಯಿಗಳೆಲ್ಲ ಓಡಿದವು. ಅಲ್ಲಿಯ ಜನರನ್ನು ಸುಳ್ಳುಗಾರರೆಂದು ಬರೆದುಬಿಡುವುದರಲ್ಲಿದ್ದೆ. ಆಗ ವಾಚ್‌ಮನ್, ಸಂತಾನಹರಣಕ್ಕೆ ನಾಯಿ ಹಿಡಿಯುವ ಗಾಡಿ ಹಿಂದಿನ ವಾರವಷ್ಟೇ ಬಂದು ಹೋಗಿತ್ತೆಂದು ತಿಳಿಸಿದ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಹಿಡಿದ ನಾಯಿಯನ್ನು ತಂದು ಅದೇ ಜಾಗದಲ್ಲಿ ಬಿಡಬೇಕಾದ್ದರಿಂದ, ಬಲೆಯ ಹೆದರಿಕೆಯೂ ಅದರೊಂದಿಗೇ ಗಲ್ಲಿಗೆ ಮರಳುತ್ತದೆ. ಅಂದಿನಿಂದ, ಸಂತಾನಹರಣವಾಗಿದೆ ಎಂದು ಕಿವಿಗೆ ಗುರುತು ಹಾಕಿದ ನಾಯಿಗಳನ್ನು ಬೇರೆ ಕಾಲಮಿನಲ್ಲಿ ಬರೆಯುತ್ತೇನೆ. ಗಾಡಿ ಬಂದು ಎರಡು ತಿಂಗಳಾಗದ ಗಲ್ಲಿಗೆ ಹೋಗುವುದಿಲ್ಲ.

ನಡುವೆ ಭಾಂಡುಪ್‌ನ ಮೀನು ಮಾರುಕಟ್ಟೆಯಲ್ಲಿ ಬೆಕ್ಕುಗಳ ಮೇಲೂ ಇದನ್ನು ಪ್ರಯತ್ನಿಸಿದೆ. ಬಗ್ಗಿದವರು ಬಂಗುಡೆಯ ತಲೆ ಎಸೆಯುತ್ತಾರೆಂದು ಬಲ್ಲ ಬೆಕ್ಕುಗಳು ಓಡುವ ಬದಲು ಹತ್ತಿರ ಬಂದವು, ನನ್ನ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ದಾದರಿನ ಪಾರ್ಸಿ ಕಾಲೊನಿಯಲ್ಲಿ ಒಂದು ಬೆಳಿಗ್ಗೆ ನೋಡಿದ ಏಳು ನಾಯಿಗಳಲ್ಲಿ ಐದಕ್ಕೆ ಸೊನ್ನೆ ಬಂತು. ನಾಯಿಗಳನ್ನು ಕೊಲ್ಲುವುದರ ವಿರುದ್ಧ 1832ರಲ್ಲಿ ಇದೇ ನಗರದಲ್ಲಿ ಅಂಗಡಿ ಮುಚ್ಚಿ ಬೀದಿಗಿಳಿದ ಸಮುದಾಯದವರ ನೆರೆಯಲ್ಲಿ ಅದು ನನಗೆ ಆಶ್ಚರ್ಯವೆನಿಸಲಿಲ್ಲ.

ಎರಡನೆಯ ಸುತ್ತು ಹದಿನಾಲ್ಕು ಗಲ್ಲಿ, ನೂರರ ಹತ್ತಿರ ನಾಯಿ. ಖರ್ಚು ಒಂಬತ್ತು ಸಾವಿರ ದಾಟಲಿಲ್ಲ. ಮಾತಿಗೂ ನಾಯಿಯ ಅಂಕಕ್ಕೂ ತಾಳೆಯಾಗದ ಗಲ್ಲಿಗಳು ಐದು. ಅವುಗಳಲ್ಲಿ ನಾಲ್ಕರಲ್ಲಿ ವಾಚ್‌ಮನ್ನನ ಕ್ಯಾಬಿನ್ನಿನ ಹಿಂದೆ ಕೋಲೋ ಕಲ್ಲಿನ ರಾಶಿಯೋ ಸಿಕ್ಕಿತು. ಪ್ರಶ್ನಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದಯೆ ತೋರಿದ್ದ ವಸತಿ ಸೊಸೈಟಿಯಲ್ಲೇ ಆರು ತಿಂಗಳ ನಂತರ ಅನ್ನ ಹಾಕುವ ಹೆಂಗಸರ ಮೇಲೆ ಜಗಳವಾಗಿ ವಿಷಯ ಪೊಲೀಸ್ ಠಾಣೆಗೆ ಹೋಯಿತು. ಅಲ್ಲಿ ನನ್ನ ಸರಾಸರಿ ಎರಡೂವರೆ ಇತ್ತು. ನಾಯಿಯ ಅಂಕ ಹೇಳಿದಂತೆಯೇ ಆಯಿತೆಂದು ಹಿರಿಯರು ಫೋನ್ ಮಾಡಿದ್ದು ಆಗಲೇ. 2014ರ ಪಾಲಿಕೆಯ ಗಣತಿ ಈ ನಗರದಲ್ಲಿ ಸುಮಾರು 95,000 ಬೀದಿನಾಯಿಗಳನ್ನು ಎಣಿಸಿತ್ತು. ಅವುಗಳಲ್ಲಿ ಎಷ್ಟು ನಾಯಿಗಳು ನೆಮ್ಮದಿಯಿಂದ ಮಲಗುತ್ತವೆ ಎಂಬುದನ್ನೂ ಎಣಿಸಬಹುದೆಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಬಗ್ಗಿ ಎದ್ದ ಕೂಡಲೇ ವಾಚ್‌ಮನ್ನನಿಗೆ ನಾನು ಕೇಳುವ ಒಂದು ಪ್ರಶ್ನೆಯಿದೆ, ಅದಕ್ಕೆ ಬರುವ ಉತ್ತರ ಇಡೀ ಹಾಳೆಗಿಂತ ಹೆಚ್ಚು ಹೇಳುತ್ತದೆ. ಅದು ಬಾಯಿಂದ ಬಾಯಿಗೆ ಹರಡಿದರೆ ಕೆಲಸಕ್ಕೆ ಬಾರದು, ಆದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಮಳೆ ನಿಂತ ಮೇಲೆ ಮುಲುಂಡ್‌ನಲ್ಲಿ ಮುಂದಿನ ಸುತ್ತು. ಜೊತೆಗೆ ಬರುವವರು ಲೇಸಿರುವ ಶೂ ಹಾಕಿಕೊಂಡು, ಬೆಳಿಗ್ಗೆ ಆರಕ್ಕೆ ಸ್ಟೇಷನ್ನಿನ ಹೊರಗೆ ನಿಂತಿದ್ದರೆ ಸಾಕು.