‘ಆಫ್’ ಎಲ್ಲಿ ಹೋಯ್ತು ಸರ್?

ಮೂಡಿಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮಕ್ಕಳಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಗಳಿಂದ ಬರುತ್ತಾರೆ. ಅವರ ಕಿವಿಗೆ ಬೀಳುತ್ತಿದ್ದ ಇಂಗ್ಲಿಷ್ ಅಂದರೆ ನನ್ನದೊಂದೇ. ನಾನೋ ಒಂದೊಂದು ಪದವನ್ನೂ ಬಿಡಿಸಿ ಹೇಳುವವನು. ಬೇರೆ ಯಾರಾದರೂ ಮಾತಾಡಿದರೆ ಗೊತ್ತಿರುವ ಪದವೂ ಅವರಿಗೆ ಸಿಗುತ್ತಿರಲಿಲ್ಲ.

ಹಾಗಾಗಿ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮವನ್ನು ತರಗತಿಗೆ ತಂದೆ. ಇಬ್ಬರು ಮಾತಾಡುತ್ತಾರೆ. ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರ ಕೊನೆಗೆ ಹೇಳುತ್ತಾರೆ. ಮಾತಿನ ಬರಹವೂ ಸಿಗುತ್ತದೆ. ಶಾಲೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಚಿಕ್ಕ ಬ್ಲೂಟೂತ್ ಸ್ಪೀಕರ್ ಒಯ್ದೆ. ಮೊದಲ ದಿನ ಆರೂ ನಿಮಿಷ ಹಾಕಿದ್ದು ತಪ್ಪಾಯಿತು. ಎರಡನೇ ನಿಮಿಷಕ್ಕೇ ಹಿಂದಿನ ಬೆಂಚಿನವರು ಕಿಟಕಿ ಕಡೆ ತಿರುಗಿದ್ದರು.

ಆಮೇಲೆ 40 ಸೆಕೆಂಡಿಗೆ ಇಳಿಸಿದೆ. ಮೊದಲ ಸಲ ಪೆನ್ನು ಕೆಳಗೆ, ಸುಮ್ನೆ ಕೇಳಬೇಕು. ಇಬ್ಬರೂ ಒಪ್ಪುತ್ತಿದ್ದಾರಾ, ಇಲ್ವಾ, ಅಷ್ಟೇ ನನ್ನ ಪ್ರಶ್ನೆ. ಎರಡನೇ ಸಲ ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ ಅಂದೆ. ಸ್ಪೆಲ್ಲಿಂಗ್ ಭಯ ಹೋದ ಮೇಲೆ ಪುಟ ತುಂಬತೊಡಗಿತು.

ಒಬ್ಬ ಹುಡುಗಿ ‘ಕಪ್ಪಟೀ’ ಅಂತ ಬರೆದಿದ್ದಳು. ನಾನು ಬೋರ್ಡಿನ ಮೇಲೆ ‘ಕಪ್ ಆಫ್ ಟೀ’ ಅಂತ ಬರೆದೆ.

“ಆಫ್ ಎಲ್ಲಿ ಹೋಯ್ತು ಸರ್?”

“ನೀನು ನಿನ್ನ ಫ್ರೆಂಡ್‌ಗೆ ‘ಏನು ಮಾಡುತ್ತಾ ಇದ್ದೀಯ’ ಅಂತೀಯಾ?”

“ಇಲ್ಲ ಸರ್, ‘ಏನ್ಮಾಡ್ತಿದೀಯ’ ಅಂತೀನಿ.”

ಇಡೀ ತರಗತಿಗೆ ಅರ್ಥವಾಯಿತು. ಅವತ್ತಿನಿಂದ ನುಂಗಿಹೋದ ಪದ ಹುಡುಕುವುದೇ ನಮ್ಮ ಪಾಠ. ‘ವಾಂಟ್ ಟು’ ‘ವಾನ’ ಆಗುತ್ತದೆ, ‘ಡಿಡ್ ಯು’ ‘ಡಿಜು’ ಆಗುತ್ತದೆ. ನಾವು ಬಸ್ಸು, ಪೆನ್ನು ಅಂತ ಕೊನೆಗೊಂದು ಸ್ವರ ಸೇರಿಸಿ ಪದ ಮುಗಿಸುತ್ತೇವೆ. ಇಂಗ್ಲಿಷಿನವರು ಒಂದು ಕಡೆ ಒತ್ತಿ, ಉಳಿದದ್ದನ್ನು ತೇಲಿಸಿಬಿಡುತ್ತಾರೆ. ನಮ್ಮ ಮಕ್ಕಳು ಸೋಲುತ್ತಿದ್ದದ್ದು ಪದ ಗೊತ್ತಿಲ್ಲದೆ ಅಲ್ಲ, ಪದ ಎಲ್ಲಿ ಮುಗಿಯಿತು ಅಂತ ತಿಳಿಯದೆ.

ಬರಹ ಕೊಡುವುದು ಮೂರನೇ ಸಲ ಕೇಳಿಸಿದ ಮೇಲೆಯೇ. ಒಮ್ಮೆ ಮೊದಲೇ ಕೊಟ್ಟು ನೋಡಿದೆ. ಎಲ್ಲರೂ ಓದಿದರು, ಯಾರೂ ಕೇಳಲಿಲ್ಲ. ಈಗ ಬರಹ ನೋಡಿ, ಮುಚ್ಚಿಟ್ಟು, ಇನ್ನೊಂದು ಸಲ ಕೇಳುತ್ತೇವೆ. ಆಗ ಅವರ ಮುಖ ನೋಡಬೇಕು!

ತೀರಾ ಹಿಂದಿದ್ದವರಿಗೆ ವಾಯ್ಸ್ ಆಫ್ ಅಮೆರಿಕ ರೇಡಿಯೊದ ಹಳೆಯ ರೆಕಾರ್ಡಿಂಗ್ ಕೇಳಿಸಿದೆ. 1959ರಲ್ಲಿ ಶುರುವಾದ ಅವರ ‘ಸ್ಪೆಷಲ್ ಇಂಗ್ಲಿಷ್’ ಸುಮಾರು 1,500 ಪದಗಳಲ್ಲೇ, ನಿಧಾನವಾಗಿ ಸುದ್ದಿ ಹೇಳುತ್ತಿತ್ತು. ಧೈರ್ಯ ಬರಲು ಅದು ಒಳ್ಳೆಯದು. ಆದರೆ ಎರಡು ವಾರಕ್ಕಿಂತ ಜಾಸ್ತಿ ಬೇಡ. ಅಷ್ಟು ನಿಧಾನದ ಮಾತಿನಲ್ಲಿ ಪದಗಳು ಒಂದಕ್ಕೊಂದು ಅಂಟುವುದೇ ಇಲ್ಲ.

ಜುಲೈ ಮಳೆಗೆ ಶೀಟಿನ ಮಾಡಿನ ಕೆಳಗೆ ಏನೂ ಕೇಳಿಸಲಿಲ್ಲ. ಹೆಂಚಿನ ಕೋಣೆಗೆ ಹೋಗಿ, ಸ್ಪೀಕರ್ ಸುತ್ತ ನೆಲದ ಮೇಲೆ ಕೂತೆವು. ಬೆಂಚಿಗಿಂತ ಅದೇ ಚೆನ್ನಾಗಿತ್ತು. ಮಳೆ ನಿಂತ ಮೇಲೂ ಹಾಗೇ ಕೂರುತ್ತೇವೆ. ಈಗ ನಿಲ್ಲಿಸುವ ಬಟನ್ ಮಕ್ಕಳ ಕೈಯಲ್ಲೇ ಇರುತ್ತದೆ. “ತಡೀರಿ ಸರ್, ಒಂದು ಪದ ತಪ್ಪೋಯ್ತು” ಅಂತ ಅವರೇ ಹಿಂದಕ್ಕೆ ಹಾಕುತ್ತಾರೆ.