ನೆಲನೆಲ್ಲಿಯ ಒಗರು ನನ್ನನ್ನು ಏಮಾರಿಸಿದ್ದು

ಫ್ಯಾಟಿ ಲಿವರ್‌ಗೆ ಔಷಧಿ ಹುಡುಕುವುದು ನನ್ನ ಪಿಎಚ್‌ಡಿ ಕೆಲಸ. ಗುರಿ ಒಂದೇ ಕಿಣ್ವ: ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್. ಲ್ಯಾಬಿನಲ್ಲಿ ಎಸಿಸಿ ಅಂತೀವಿ. ತಿಂದ ಸಕ್ಕರೆ ಜಾಸ್ತಿಯಾದಾಗ ಲಿವರ್ ಅದನ್ನು ಕೊಬ್ಬು ಮಾಡಿಡುತ್ತದಲ್ಲ, ಆ ದಾರಿಯ ಬಾಗಿಲು ಕಾಯುವುದು ಇದೇ. ಬಾಗಿಲು ಹಾಕಿದರೆ ಕೊಬ್ಬು ಇಳಿಯಬೇಕು, ಅಲ್ವಾ?

ನಮ್ಮೂರಲ್ಲಿ ಕಾಮಾಲೆ ಅಂದ ಕೂಡಲೇ ನೆಲನೆಲ್ಲಿ ಅರೆದು ಮಜ್ಜಿಗೆಗೆ ಹಾಕಿ ಕುಡಿಸುತ್ತಾರೆ. ಕಾಮಾಲೆಗೂ ಫ್ಯಾಟಿ ಲಿವರ್‌ಗೂ ಬಹಳ ವ್ಯತ್ಯಾಸ ಇದೆ, ಗೊತ್ತು. ಆದರೂ ಒಂದು ಕೈ ನೋಡೋಣ ಅಂತ ಅದರ ಸಾರ ತೆಗೆದೆ.

ಎಸಿಸಿ ಕೆಲಸ ಮಾಡುವಾಗ ಎಟಿಪಿ ಅನ್ನೋ ಶಕ್ತಿಯ ಅಣು ಖರ್ಚಾಗಿ ಎಡಿಪಿ ಬರುತ್ತದೆ. ಆ ಎಡಿಪಿಯನ್ನು ಪೈರುವೇಟ್ ಕೈನೇಸ್, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಅನ್ನೋ ಎರಡು ಸಹಾಯಕ ಕಿಣ್ವಗಳಿಗೆ ದಾಟಿಸಿದರೆ ಕೊನೆಗೆ ಬೆಳಕು ಹೀರುವ ಎನ್‌ಎಡಿಎಚ್ ಅನ್ನೋ ಅಣು ಕರಗುತ್ತಾ ಹೋಗುತ್ತದೆ, 340 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದರೆ ಗೆರೆ ಇಳಿಯುವುದು ಕಾಣುತ್ತದೆ. ನೆಲನೆಲ್ಲಿ ಹಾಕಿದೆ. ಗೆರೆ ಇಳಿಯಲೇ ಇಲ್ಲ! ಎಸಿಸಿ ನಿಂತೇಹೋಯಿತು ಅಂದುಕೊಂಡೆ. ಎರಡು ವಾರ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಗೈಡ್ ಕೇಳಿದ್ದು ಒಂದೇ ಮಾತು: "ಎಸಿಸಿ ಹಾಕದೆ ನೋಡಿದ್ಯಾ?"

ನೋಡಿರಲಿಲ್ಲ. ಎಸಿಸಿ ಬಿಟ್ಟು ನೇರ ಎಡಿಪಿ ಸುರಿದೆ. ಸಾರ ಇಲ್ಲದ ಕಡೆ ಗೆರೆ ಸರ್ರನೆ ಇಳಿಯಿತು, ಸಾರ ಇದ್ದ ಕಡೆ ಅಲ್ಲಾಡಲಿಲ್ಲ. ಅಂದರೆ ಸಹಾಯಕ ಕಿಣ್ವಗಳೇ ಕೆಟ್ಟು ಕೂತಿದ್ದವು. ಕಾರಣ ಟ್ಯಾನಿನ್. ಹಸಿ ನೆಲ್ಲಿಕಾಯಿ ಕಚ್ಚಿದಾಗ ಬಾಯಿ ಒಗರಾಗುವುದೂ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ. ನನ್ನ ಪರೀಕ್ಷೆಯ ಪ್ಲೇಟಿನಲ್ಲೂ ಅದೇ ಆಟ, ಎದುರಿಗೆ ಸಿಕ್ಕ ಕಿಣ್ವಕ್ಕೆಲ್ಲ ಅಂಟಿಕೊಂಡಿದೆ. ಪಿವಿಪಿಪಿ ಪುಡಿ ಹಾಕಿ ಟ್ಯಾನಿನ್ ತೆಗೆದು ಮತ್ತೆ ಎಸಿಸಿ ಮೇಲೆ ಹಾಕಿದೆ, ಏನೂ ಆಗಲಿಲ್ಲ. ನೆಲನೆಲ್ಲಿ ಕೆಲಸಕ್ಕೆ ಬಾರದ್ದು ಅಂತ ಹೇಳುತ್ತಿಲ್ಲ, ನನ್ನ ಪರೀಕ್ಷೆಗೆ ಅದನ್ನು ಅಳೆಯುವ ಯೋಗ್ಯತೆ ಇರಲಿಲ್ಲ ಅಷ್ಟೇ.

ಆಮೇಲೆ ಎಸಿಸಿಯನ್ನು ನಿಜವಾಗಿ ತಡೆಯುವ ಒಂದು ಶುದ್ಧ ಅಣು ತಗೊಂಡು ಹೆಪ್‌ಜಿ2 ಅನ್ನೋ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಲಿವರ್ ಜೀವಕೋಶಗಳಿಗೆ ಕೊಟ್ಟೆ. ಕೊಬ್ಬಿಗೆ ಕೆಂಪು ಬಣ್ಣ ಹಿಡಿಸುವ ಆಯಿಲ್ ರೆಡ್ ಹಾಕಿದರೆ ಕೆಂಪು ಹನಿಗಳು ಕಮ್ಮಿ. ಖುಷಿಪಡುವಷ್ಟರಲ್ಲಿ ಮರ್ಕ್ ಕಂಪನಿಯ ಎಂಕೆ-4074 ಬಗ್ಗೆ 2017ರಲ್ಲಿ ಬಂದ ಲೇಖನ ಓದಿದೆ. ಅದೂ ಎಸಿಸಿ ತಡೆಯುವ ಅಣುವೇ. ರೋಗಿಗಳ ಲಿವರ್ ಕೊಬ್ಬು ಶೇ. 36 ಇಳಿದಿತ್ತು, ರಕ್ತದ ಟ್ರೈಗ್ಲಿಸರೈಡ್ ಮಾತ್ರ ಶೇ. 200 ಏರಿತ್ತು! ಎಸಿಸಿ ನಿಂತರೆ ಅದು ತಯಾರಿಸುವ ಮೆಲೋನಿಲ್ ಕೋಎ ಇರುವುದಿಲ್ಲ, ಅದಿಲ್ಲದೆ ಲಿವರ್‌ಗೆ ಉದ್ದ ಸರಪಳಿಯ ಕೆಲವು ಕೊಬ್ಬಿನಾಮ್ಲ ಮಾಡಲು ಆಗದು, ಆ ಕೊರತೆ ಕಂಡು ಕೊಬ್ಬು ಮಾಡುವ ಜೀನ್‌ಗಳನ್ನು ಎಬ್ಬಿಸುವ ಎಸ್‌ಆರ್‌ಇಬಿಪಿ-1ಸಿ ಅನ್ನೋ ಪ್ರೋಟೀನ್ ಎದ್ದು ಕೂರುತ್ತದೆ, ಲಿವರ್ ಕೊಬ್ಬನ್ನು ಮೂಟೆ ಕಟ್ಟಿ ರಕ್ತಕ್ಕೆ ತಳ್ಳುತ್ತದೆ. ಜೀವಕೋಶದ ತಟ್ಟೆಯಲ್ಲಿ ರಕ್ತ ಎಲ್ಲಿಂದ ಬರಬೇಕು?

ಈಗ ಟ್ರೈಗ್ಲಿಸರೈಡ್ ತಯಾರಿಯ ಕೊನೆಯ ಹೆಜ್ಜೆ ನಡೆಸುವ ಡಿಜಿಎಟಿ2 ಅನ್ನೋ ಇನ್ನೊಂದು ಕಿಣ್ವವನ್ನೂ ಜೊತೆಗೆ ತಡೆದು ನೋಡುತ್ತಿದ್ದೇನೆ. ಫೈಜರ್ ಹಿಡಿದದ್ದೂ ಇದೇ ದಾರಿ. ಜೀವಕೋಶ ಬೆಳೆದ ದ್ರವವನ್ನೂ ಚೆಲ್ಲದೆ ಎತ್ತಿಟ್ಟು ಅದರ ಟ್ರೈಗ್ಲಿಸರೈಡ್ ಅಳೆಯುತ್ತೇನೆ. ಕಿಣ್ವದ ಪ್ಲೇಟಿನಲ್ಲಿ ಮೊದಲ ಸಾಲಿನ 8 ಗುಳಿ ಎಸಿಸಿ ಇಲ್ಲದ ಎಡಿಪಿಗೇ ಮೀಸಲು.